ಸಿಎನ್‌ಸಿಗೆ ಸ್ಟೆಪ್ಪರ್ ಮೋಟಾರ್: ಕೆಜಿ ಬಿಡಿ, ವೋಲ್ಟೇಜ್ ಕೇಳಿ

ಪ್ರಶ್ನೆ: ಅಣ್ಣ ನಮಸ್ಕಾರ. ನಾನು ತಿಪಟೂರು ಕಡೆಯವನು. ಅಪ್ಪ ಮರಗೆಲಸ ಮಾಡ್ತಾರೆ, ದೇವರಮನೆ ಬಾಗಿಲು, ಮುಂಬಾಗಿಲ ಚೌಕಟ್ಟು ಇಂಥವು. ನಾನು ಒಂದು ಸಿಎನ್‌ಸಿ ರೂಟರ್, ಅಂದ್ರೆ ಕಂಪ್ಯೂಟರ್ ಹೇಳಿದ ಹಾಗೆ ಮರ ಕೆತ್ತೋ ಮಷೀನ್, ಕಟ್ಟಿಕೊಳ್ತಾ ಇದೀನಿ, ಕೆಲಸದ ಜಾಗ 600 ಎಂಎಂ ಅಗಲ, 900 ಎಂಎಂ ಉದ್ದ. ವೈ ಆಕ್ಸಿಸ್‌ಗೆ (ಉದ್ದಕ್ಕೆ) ಎರಡೂ ಪಕ್ಕ 1605 ಬಾಲ್ ಸ್ಕ್ರೂ (ತಿರುಗಿದಾಗ ಮಷೀನನ್ನ ಹಿಂದೆ ಮುಂದೆ ತಳ್ಳೋ ಉದ್ದ ಸ್ಕ್ರೂ), ಎಕ್ಸ್‌ಗೂ (ಅಗಲಕ್ಕೆ) ಝಡ್‌ಗೂ (ಮೇಲೆ ಕೆಳಗೆ) ಒಂದೊಂದು. ತೇಗ, ಹಲಸು, ಹೊನ್ನೆ ಜಾಸ್ತಿ, ಆವಾಗಾವಾಗ ಅಲ್ಯೂಮಿನಿಯಂ ನೇಮ್ ಪ್ಲೇಟ್. ಬೆಂಗಳೂರಿನ ಅಂಗಡಿಯವರು "30 ಕೆಜಿ ಮೋಟಾರ್ ಹಾಕ್ಬಿಡಿ, ತಲೆನೋವೇ ಇರಲ್ಲ" ಅಂದ್ರು. ನನ್ನ ಫ್ರೆಂಡ್ ನೆಮಾ 17 ಸಾಕು ಅಂತಾನೆ, ಇನ್ನೊಬ್ಬರು ನೆಮಾ 34ಕ್ಕಿಂತ ಕಮ್ಮಿ ಹಾಕ್ಲೇಬೇಡ ಅಂತಾರೆ. ಕೈಯಲ್ಲಿ ಒಂದು 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ನಾಲ್ಕು ಟಿಬಿ6600 ಡ್ರೈವರ್ (ಮೋಟಾರ್‌ಗೆ ಕರೆಂಟ್ ಕೊಡೋ ಬೋರ್ಡ್) ಇದೆ. ಯಾವ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಮೋಟಾರ್) ತಗೊಳ್ಳಲಿ?

ಉತ್ತರ: ನೆಮಾ 23, 56 ಎಂಎಂ ಉದ್ದದ್ದು, 12-13 ಕೆಜಿಯದ್ದು, ನಾಲ್ಕು ತಗೊಳ್ಳಿ. 30 ಕೆಜಿ ಮೋಟಾರ್‌ಗೂ ಇದಕ್ಕೂ ರೇಟಲ್ಲಿ ಇರೋ ವ್ಯತ್ಯಾಸದ ದುಡ್ಡಲ್ಲಿ ಒಂದು 36 ವೋಲ್ಟ್ ಎಸ್‌ಎಂಪಿಎಸ್ ತಗೊಳ್ಳಿ, ಆ 24 ವೋಲ್ಟ್‌ದನ್ನ ಬೇರೆ ಯಾವುದಕ್ಕಾದ್ರೂ ಇಟ್ಕೊಳ್ಳಿ. ಅರ್ಜೆಂಟ್ ಇರೋರು ಇಷ್ಟು ಓದಿ ಎದ್ದು ಹೋಗ್ಬಹುದು. ಆದ್ರೆ ಅಂಗಡಿಗೆ ಹೋದಾಗ ಅವರು ಮತ್ತೆ "ಅಯ್ಯೋ 12 ಕೆಜಿ ಎಲ್ಲಿ ಸಾಲುತ್ತೆ" ಅಂತ ಶುರು ಮಾಡ್ತಾರೆ, ಆವಾಗ ನಿಮಗೆ ಉತ್ತರ ಗೊತ್ತಿರಬೇಕಲ್ಲ, ಅದಕ್ಕೆ ಮುಂದಿನದನ್ನೂ ಬರೀತೀನಿ.

ಮೊದಲು ಈ ನೆಮಾ ನಂಬರ್. ಬಹಳ ಜನ 17 ಅಂದ್ರೆ ಚಿಕ್ಕ ಪವರ್, 23 ಅಂದ್ರೆ ಮಧ್ಯಮ, 34 ಅಂದ್ರೆ ದೊಡ್ಡದು ಅಂದ್ಕೊಂಡಿದಾರೆ. ಅದು ಪವರ್ ಅಲ್ಲವೇ ಅಲ್ಲ, ಮೋಟಾರಿನ ಮುಂದಿನ ಚೌಕದ ಅಳತೆ ಅಷ್ಟೆ, ಅದೂ ಇಂಚಲ್ಲಿ. 17 ಅಂದ್ರೆ 1.7 ಇಂಚು, 23 ಅಂದ್ರೆ 2.3 ಇಂಚು, ಅಂದ್ರೆ ಹೆಚ್ಚೂಕಮ್ಮಿ 57 ಎಂಎಂ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿರ್ತೀರ, ಈ ನಂಬರ್ ಹೇಳೋದು ತಟ್ಟೆಯ ಅಗಲ ಮಾತ್ರ, ಇಡ್ಲಿ ಎಷ್ಟು ದಪ್ಪ ಅಂತ ಹೇಳಲ್ಲ. ನೆಮಾ 23ರಲ್ಲೇ 41 ಎಂಎಂ ಉದ್ದದ್ದೂ ಇದೆ, 112 ಎಂಎಂ ಉದ್ದದ್ದೂ ಇದೆ, ಎರಡಕ್ಕೂ ಮುಖ ಒಂದೇ, ಬೋಲ್ಟ್ ತೂತಿನ ಅಂತರವೂ ಒಂದೇ 47.14 ಎಂಎಂ, ಆದ್ರೆ ಬಲದಲ್ಲಿ ಅಜಗಜಾಂತರ. ಹಾಗಾಗಿ "ನೆಮಾ 23 ಕೊಡಿ" ಅಂತ ಮಾತ್ರ ಕೇಳಿದ್ರೆ ಅವರ ಹತ್ರ ಯಾವುದು ಸ್ಟಾಕ್ ಇದೆಯೋ ಅದು ಬರುತ್ತೆ.

ಇನ್ನು ಕೆಜಿ. ಅಂಗಡಿಯಲ್ಲಿ 30 ಕೆಜಿ ಅಂತಾರಲ್ಲ, ಅದು ಕೆಜಿ-ಸಿಎಂ, ಟಾರ್ಕ್, ಅಂದ್ರೆ ತಿರುಗಿಸೋ ಬಲ. ಡೇಟಾಶೀಟಲ್ಲಿ ನ್ಯೂಟನ್ ಮೀಟರ್ ಅಂತ ಇರುತ್ತೆ, 1 ನ್ಯೂಟನ್ ಮೀಟರ್ ಅಂದ್ರೆ 10.2 ಕೆಜಿ-ಸಿಎಂ. ಸರಿ, ಇದರಲ್ಲಿ ಏನು ತೊಂದರೆ ಅಂದ್ರೆ ಇದು ಹೋಲ್ಡಿಂಗ್ ಟಾರ್ಕ್. ಮೋಟಾರ್ ನಿಂತಿದ್ದಾಗ, ಕರೆಂಟ್ ಪೂರ್ತಿ ಹರೀತಾ ಇದ್ದಾಗ, ಶಾಫ್ಟನ್ನ ಬಲವಂತವಾಗಿ ತಿರುಗಿಸೋಕೆ ಎಷ್ಟು ಬಲ ಬೇಕು ಅನ್ನೋ ಲೆಕ್ಕ. ನಿಂತ್ಕೊಂಡಿರೋ ಮೋಟಾರ್ ಇಟ್ಕೊಂಡು ಯಾವ ಬಾಗಿಲು ಕೆತ್ತೋಕಾಗುತ್ತೆ ಹೇಳಿ? ನಮಗೆ ಬೇಕಾಗಿರೋದು ಓಡ್ತಾ ಇರುವಾಗ ಎಷ್ಟು ಟಾರ್ಕ್ ಉಳಿಯುತ್ತೆ ಅನ್ನೋದು, ಅದು ಲೇಬಲ್ ಮೇಲೆ ಬರೆದಿರಲ್ಲ.

ಓಡುವಾಗ ಟಾರ್ಕ್ ಯಾಕೆ ಕಮ್ಮಿ ಆಗುತ್ತೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಮೋಟಾರ್ ಆಯ್ಕೆ ಅಂದ್ರೆ ಮುಕ್ಕಾಲು ಪಾಲು ಇಷ್ಟೇ. ನಮ್ಮ ಮಾಮೂಲಿ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತೆ, ಹೆಜ್ಜೆಗೆ 1.8 ಡಿಗ್ರಿ. ಹೆಜ್ಜೆ ಹಾಕ್ತಾ ಹೋದ ಹಾಗೆ ಒಳಗಿರೋ ಕಾಯಿಲ್‌ಗೆ ಕರೆಂಟ್ ತುಂಬಬೇಕು, ಮತ್ತೆ ಖಾಲಿ ಮಾಡಿ ಉಲ್ಟಾ ತುಂಬಬೇಕು. ಕಾಯಿಲ್‌ಗೆ ಇಂಡಕ್ಟೆನ್ಸ್ ಅಂತ ಒಂದು ಗುಣ ಇದೆ, ಕರೆಂಟ್ ತಕ್ಷಣ ಏರೋಕೆ ಬಿಡಲ್ಲ ಅದು. ನಮ್ಮ ಬೀದಿ ನಲ್ಲಿ ಥರ ಅಂದ್ಕೊಳ್ಳಿ, ನೀರು ಬಿಡೋದು ಅರ್ಧ ಗಂಟೆ, ನಿಮ್ಮ ಮನೇಲಿ ಇರೋದು 200 ಲೀಟರ್ ಡ್ರಮ್ಮು, ಪ್ರೆಶರ್ ನೋಡಿದ್ರೆ ಬೆರಳು ಗಾತ್ರಕ್ಕೂ ಬರ್ತಾ ಇಲ್ಲ. ಡ್ರಮ್ ಕಾಲು ಭಾಗ ತುಂಬೋ ಹೊತ್ತಿಗೆ ನೀರು ನಿಂತೋಗುತ್ತೆ. ಡ್ರಮ್ ಅಂದ್ರೆ ಮೋಟಾರಿನ ಇಂಡಕ್ಟೆನ್ಸು ಮತ್ತೆ ಕರೆಂಟು, ಪ್ರೆಶರ್ ಅಂದ್ರೆ ವೋಲ್ಟೇಜು, ಅರ್ಧ ಗಂಟೆ ಅಂದ್ರೆ ಒಂದು ಹೆಜ್ಜೆಗೆ ಸಿಗೋ ಟೈಮು. ಸ್ಪೀಡ್ ಜಾಸ್ತಿ ಮಾಡಿದಷ್ಟೂ ಆ ಟೈಮ್ ಕಮ್ಮಿ ಆಗ್ತಾ ಹೋಗುತ್ತೆ. ದೊಡ್ಡ ಡ್ರಮ್ ತಂದಿಟ್ರೆ ನೀರು ಜಾಸ್ತಿ ಸಿಗುತ್ತಾ? ಇಲ್ಲ, ಪ್ರೆಶರ್ ಜಾಸ್ತಿ ಮಾಡಿದ್ರೆ ಸಿಗುತ್ತೆ.

ಈಗ ನಂಬರ್ ಹಾಕಿ ನೋಡೋಣ. ಎರಡು ಮೋಟಾರ್ ತಗೊಳ್ಳೋಣ, ಇವು ಮಾರ್ಕೆಟ್ಟಲ್ಲಿ ಸಿಗೋ ಥರದ್ದೇ ಅಂಕಿ. ಒಂದು 56 ಎಂಎಂ ಉದ್ದದ್ದು, 1.26 ನ್ಯೂಟನ್ ಮೀಟರ್ ಅಂದ್ರೆ ಸುಮಾರು 13 ಕೆಜಿ, 2.8 ಆಂಪ್, 2.5 ಮಿಲಿಹೆನ್ರಿ. ಇನ್ನೊಂದು 112 ಎಂಎಂ ಉದ್ದದ್ದು, 3 ನ್ಯೂಟನ್ ಮೀಟರ್ ಅಂದ್ರೆ ನಿಮ್ಮ ಅಂಗಡಿಯವರ 30 ಕೆಜಿ, 4.2 ಆಂಪ್, 3.8 ಮಿಲಿಹೆನ್ರಿ. ಕರೆಂಟ್ ಪೂರ್ತಿ ತುಂಬೋಕೆ ಟೈಮ್ ಸಿಗೋ ಕಟ್ಟಕಡೆಯ ಸ್ಪೀಡ್ ಎಷ್ಟು ಅಂತ ಕಂಡುಹಿಡಿಯೋಕೆ ಒಂದು ಒರಟು ಲೆಕ್ಕ ಇದೆ: ವೋಲ್ಟೇಜನ್ನ ಇಂಡಕ್ಟೆನ್ಸ್, ಕರೆಂಟ್, 2, 200 ಇವಿಷ್ಟರ ಗುಣಲಬ್ಧದಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಸುತ್ತು ಅಂತ ಬರುತ್ತೆ. ಮಿಲಿಹೆನ್ರಿಯನ್ನ ಹೆನ್ರಿ ಮಾಡ್ಕೊಳ್ಳೋದು ಮರೀಬೇಡಿ, 2.5 ಅಂದ್ರೆ 0.0025.

30 ಕೆಜಿ ಮೋಟಾರ್‌ಗೆ ನಿಮ್ಮ 24 ವೋಲ್ಟ್ ಕೊಟ್ರೆ ಸೆಕೆಂಡಿಗೆ 3.76 ಸುತ್ತು, ಅಂದ್ರೆ 226 ಆರ್‌ಪಿಎಂ. ನಿಮ್ಮ 1605 ಸ್ಕ್ರೂನಲ್ಲಿ 16 ಅಂದ್ರೆ ವ್ಯಾಸ, 05 ಅಂದ್ರೆ ಒಂದು ಸುತ್ತಿಗೆ 5 ಎಂಎಂ ಮುಂದಕ್ಕೆ ಹೋಗುತ್ತೆ ಅಂತ. ಅಂದ್ರೆ ನಿಮಿಷಕ್ಕೆ 1130 ಎಂಎಂ ದಾಟಿದ ಮೇಲೆ ಅದರ ಟಾರ್ಕ್ ಇಳೀತಾ ಹೋಗುತ್ತೆ. 13 ಕೆಜಿ ಮೋಟಾರ್‌ಗೆ ಅದೇ 24 ವೋಲ್ಟ್ ಕೊಟ್ರೆ 514 ಆರ್‌ಪಿಎಂ ತನಕ ಬರುತ್ತೆ. 36 ವೋಲ್ಟ್ ಕೊಟ್ರೆ 771 ಆರ್‌ಪಿಎಂ, ನಿಮಿಷಕ್ಕೆ 3850 ಎಂಎಂ ಚಿಲ್ಲರೆ.

ಈಗ ತಮಾಷೆ ನೋಡಿ. ನಿಮಗೆ ಬೇಕಾದ ಸ್ಪೀಡ್ ನಿಮಿಷಕ್ಕೆ 3000 ಎಂಎಂ ಅಂದ್ಕೊಳ್ಳೋಣ, ಅಂದ್ರೆ 600 ಆರ್‌ಪಿಎಂ. ಆ ಕಟ್ಟಕಡೆಯ ಸ್ಪೀಡ್ ದಾಟಿದ ಮೇಲೆ ಟಾರ್ಕ್ ಸ್ಪೀಡಿಗೆ ವಿಲೋಮವಾಗಿ ಇಳಿಯುತ್ತೆ, ಹಾಗಾಗಿ 24 ವೋಲ್ಟಲ್ಲಿ 600 ಆರ್‌ಪಿಎಂಗೆ 30 ಕೆಜಿ ಮೋಟಾರ್ ಹತ್ರ ಉಳಿಯೋದು ಕಾಗದದ ಮೇಲೆ 11 ಕೆಜಿ. 13 ಕೆಜಿ ಮೋಟಾರ್ ಹತ್ರ ಉಳಿಯೋದು? ಅದೂ 11 ಕೆಜಿ! ಎರಡು ಪಟ್ಟು ಉದ್ದ, ದುಡ್ಡೂ ಜಾಸ್ತಿ, ಕೊನೆಗೆ ಸಿಕ್ಕಿದ್ದು ಒಂದೇ. ನಿಜವಾದ ಮಷೀನಲ್ಲಿ ಎರಡೂ ಇದಕ್ಕಿಂತ ಕಮ್ಮಿನೇ ಕೊಡ್ತವೆ, ಯಾಕಂದ್ರೆ ಮೋಟಾರ್ ತಿರುಗುವಾಗ ತಾನೇ ಒಂದು ಜನರೇಟರ್ ಥರ ಉಲ್ಟಾ ವೋಲ್ಟೇಜ್ ಹುಟ್ಟಿಸುತ್ತೆ, ಅದನ್ನ ನಾನು ಲೆಕ್ಕಕ್ಕೆ ತಗೊಂಡಿಲ್ಲ. ಆದ್ರೂ ಹೋಲಿಕೆ ಏನೂ ಬದಲಾಗಲ್ಲ, ಓಡುವಾಗ ಸಿಗೋ ಟಾರ್ಕನ್ನ ತೀರ್ಮಾನ ಮಾಡೋದು ನೀವು ಕೊಡೋ ವೋಲ್ಟೇಜು.

ಇದು ನಾನು ಪುಸ್ತಕ ಓದಿ ಕಲಿತಿದ್ದಲ್ಲ, ಕೈ ಸುಟ್ಕೊಂಡು ಕಲಿತಿದ್ದು. ನನ್ನ ಮೊದಲನೇ ಮಷೀನ್‌ಗೆ ಮಧ್ಯಮ ಸೈಜಿನ ಮೋಟಾರ್ ಹಾಕಿದ್ದೆ, 24 ವೋಲ್ಟ್, ನಿಮಿಷಕ್ಕೆ 2000 ದಾಟಿಸಿದ್ರೆ ಗೊರ್ರ್ ಅಂತ ಒಂದು ಶಬ್ದ ಮಾಡಿ ನಿಂತೋಗ್ತಿತ್ತು. ಮೋಟಾರ್‌ಗೆ ತಾಕತ್ತಿಲ್ಲ ಅಂದ್ಕೊಂಡು ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಇನ್ನೂ ದೊಡ್ಡ ಮೋಟಾರ್ ಹೊತ್ಕೊಂಡು ಬಂದೆ, ಬ್ಯಾಗ್ ಹೊತ್ತು ಭುಜ ನೋವು ಬೇರೆ. ಹಾಕಿದೆ. 1200ಕ್ಕೇ ನಿಂತೋಯ್ತು! ಮೊದಲಿಗಿಂತ ಕಡೆ. ಎರಡು ವಾರ ಅಲೈನ್‌ಮೆಂಟ್ ಸರಿ ಇಲ್ಲ ಅಂತ ರೈಲ್ ಬಿಚ್ಚಿ ಬಿಚ್ಚಿ ಕೂರಿಸಿದೆ, ಗ್ರೀಸ್ ಹಾಕಿದೆ, ಮನೆಯವರ ಹತ್ರ ಬೈಸ್ಕೊಂಡೆ. ಆಮೇಲೆ ಒಂದಿನ ಸುಮ್ನೆ ಟೆಸ್ಟ್ ಮಾಡೋಣ ಅಂತ ಹಳೇ ಮೋಟಾರ್‌ಗಳಿಗೇ ಒಂದು 36 ವೋಲ್ಟ್ ಸಪ್ಲೈ ಕೊಟ್ಟೆ ನೋಡಿ, ಬೆಣ್ಣೆ ಥರ 3000ಕ್ಕೆ ಹೋಯ್ತು. ಆ ದೊಡ್ಡ ಮೋಟಾರ್‌ಗಳು ಇವತ್ತಿಗೂ ಅಟ್ಟದ ಮೇಲಿವೆ.

ವೋಲ್ಟೇಜ್ ಅಂದ ತಕ್ಷಣ ಒಂದು ಭಯ ಬರುತ್ತೆ ಎಲ್ಲರಿಗೂ. ಮೋಟಾರ್ ಲೇಬಲ್ ಮೇಲೆ 2.5 ವೋಲ್ಟ್, 3 ವೋಲ್ಟ್ ಅಂತ ಬರೆದಿರುತ್ತೆ, ಅದಕ್ಕೆ 36 ವೋಲ್ಟ್ ಕೊಟ್ರೆ ಸುಟ್ಟೋಗಲ್ವಾ ಅಂತ. ಸುಡಲ್ಲ. ಆ 2.5 ವೋಲ್ಟ್ ಅನ್ನೋದು ಬರೀ ಕರೆಂಟ್ ಇಂಟು ರೆಸಿಸ್ಟೆನ್ಸ್, 2.8 ಆಂಪ್ ಇಂಟು 0.9 ಓಮ್, ಅಷ್ಟೆ. ನಮ್ಮ ಡ್ರೈವರ್‌ಗಳು ಚಾಪರ್ ಡ್ರೈವರ್, ಕರೆಂಟ್ ನೀವು ಸೆಟ್ ಮಾಡಿದ ಅಂಕಿಗೆ ಬಂದ ತಕ್ಷಣ ಕಟ್ ಮಾಡುತ್ತೆ, ಇಳಿದ್ರೆ ಮತ್ತೆ ಕೊಡುತ್ತೆ, ಸೆಕೆಂಡಿಗೆ ಸಾವಿರಾರು ಸಲ. ವೋಲ್ಟೇಜ್ ಜಾಸ್ತಿ ಇದ್ರೆ ಕರೆಂಟ್ ಬೇಗ ಏರುತ್ತೆ ಹೊರತು ಜಾಸ್ತಿ ಏರಲ್ಲ. ಹಾಗಂತ ಮಿತಿ ಇಲ್ಲ ಅಂತಲ್ಲ, ತೀರಾ ಜಾಸ್ತಿ ಕೊಟ್ರೆ ಮೋಟಾರಿನ ಕಬ್ಬಿಣ ಕಾಯುತ್ತೆ. ಹಳಬರು ಬಳಸೋ ಒಂದು ಲೆಕ್ಕ ಇದೆ, ಇಂಡಕ್ಟೆನ್ಸನ್ನ ಮಿಲಿಹೆನ್ರಿಯಲ್ಲಿ ತಗೊಂಡು ವರ್ಗಮೂಲ ಮಾಡಿ 32ರಿಂದ ಗುಣಿಸಿ, ಅದು ಗರಿಷ್ಠ ವೋಲ್ಟೇಜು. 2.5ರ ವರ್ಗಮೂಲ 1.58, ಗುಣಿಸಿದ್ರೆ 50 ವೋಲ್ಟ್. ನಾವು 36 ಕೊಡ್ತಾ ಇದೀವಿ, ಆರಾಮಾಗಿದೀವಿ. ಮೋಟಾರ್‌ಗಿಂತ ಮೊದಲು ಡ್ರೈವರ್‌ನ ಮಿತಿ ಅಡ್ಡ ಬರುತ್ತೆ ನಮಗೆ.

ನಿಮ್ಮ ಟಿಬಿ6600 ಮೇಲೆ 42 ವೋಲ್ಟ್ ತನಕ, 4 ಆಂಪ್ ತನಕ ಅಂತ ಬರೆದಿರುತ್ತೆ. 42 ಬರೆದಿದೆ ಅಂತ 42 ಕೊಡ್ಬೇಡಿ. ಮೋಟಾರ್ ಜೋರಾಗಿ ಓಡಿ ಥಟ್ಟನೆ ನಿಂತಾಗ ವೋಲ್ಟೇಜ್ ವಾಪಸ್ ಸಪ್ಲೈ ಕಡೆಗೆ ತಳ್ಳುತ್ತೆ, ಅದಕ್ಕೆ ಸ್ವಲ್ಪ ಜಾಗ ಬಿಡ್ಬೇಕು. 36 ಸರಿಯಾದ ಜಾಗ. ಆ 4 ಆಂಪೂ ಪೀಕ್ ಲೆಕ್ಕ, ನಿಮ್ಮ 30 ಕೆಜಿ ಮೋಟಾರ್ ಕೇಳೋ 4.2 ಆಂಪನ್ನ ಈ ಡ್ರೈವರ್ ಯಾವತ್ತೂ ನೆಟ್ಟಗೆ ಕೊಡಲ್ಲ, ಅದೊಂದು ಕಾರಣಕ್ಕೇ ಆ ಮೋಟಾರ್ ಬೇಡ ಅಂದಿದ್ರೂ ಸಾಕಿತ್ತು. 2.8 ಆಂಪ್ ಮೋಟಾರ್‌ಗೆ ಇದು ನಡಿಯುತ್ತೆ. ಮುಂದೆ ಯಾವತ್ತಾದ್ರೂ ದುಡ್ಡು ಬಂದಾಗ ಡಿಎಂ542 ಥರದ ಡಿಜಿಟಲ್ ಡ್ರೈವರ್‌ಗೆ ಹೋಗಿ, 50 ವೋಲ್ಟ್ ತನಕದ್ದು, ಶಬ್ದ ಎಷ್ಟು ಕಮ್ಮಿ ಆಗುತ್ತೆ ಅಂದ್ರೆ ಮಷೀನ್ ಆನ್ ಆಗಿದೆಯಾ ಅಂತ ಡೌಟ್ ಬರುತ್ತೆ. ಈಗಲೇ ಬೇಡ.

ಸರಿ, 13 ಕೆಜಿ ನಿಜವಾಗ್ಲೂ ಸಾಲುತ್ತಾ? ಇದನ್ನೂ ಲೆಕ್ಕ ಹಾಕ್ಬಿಡೋಣ, ನಂಬಿಕೆ ಮೇಲೆ ಬಿಡೋದು ಬೇಡ. ನಿಮ್ಮ ಗ್ಯಾಂಟ್ರಿ (ರೂಟರನ್ನ ಹೊತ್ಕೊಂಡು ಓಡಾಡೋ ಅಡ್ಡ ಸೇತುವೆ), ರೂಟರ್, ಝಡ್ ಎಲ್ಲ ಸೇರಿ 20 ಕೆಜಿ ಇರಲಿ, ವೈನಲ್ಲಿ ಎರಡು ಮೋಟಾರ್, ಒಂದೊಂದರ ಪಾಲಿಗೆ 10 ಕೆಜಿ. ಎಲ್ಲರೂ ಇಲ್ಲೇ ಹೆದರೋದು, 20 ಕೆಜಿ ತೂಕ ತಳ್ಳಬೇಕು ಅಂದ್ರೆ 20 ಕೆಜಿಗಿಂತ ದೊಡ್ಡ ಮೋಟಾರೇ ಬೇಕು ಅಂತ. ಆದ್ರೆ ತೂಕ ರೈಲ್ ಮೇಲೆ ಕೂತಿದೆ, ನೀವು ಅದನ್ನ ಎತ್ತುತ್ತಾ ಇಲ್ಲ, ತಳ್ತಾ ಇದೀರ, ಅದೂ ಸ್ಕ್ರೂ ಮೂಲಕ. ಆ 10 ಕೆಜಿ 5 ಎಂಎಂ ಸ್ಕ್ರೂ ದಾಟಿ ಮೋಟಾರ್ ಶಾಫ್ಟಿಗೆ ಬರೋ ಹೊತ್ತಿಗೆ ಅದರ ಜಡತ್ವ (ತಿರುಗಿಸೋಕೆ ಹೋದ್ರೆ ಎಷ್ಟು ಅಡ್ಡಿ ಮಾಡುತ್ತೆ ಅನ್ನೋದು) ಬರೀ 63 ಗ್ರಾಂ-ಸಿಎಂ ಸ್ಕ್ವೇರ್ ಆಗಿರುತ್ತೆ. ಅದೇ ಒಂದು ಮೀಟರ್ ಉದ್ದದ 16 ಎಂಎಂ ಸ್ಕ್ರೂ, ಅದರದ್ದೇ ಸ್ವಂತ ಜಡತ್ವ 500ರ ಹತ್ರ! ಮೋಟಾರ್ ಒಳಗೆ ತಿರುಗೋ ರೋಟರ್‌ದು 300ರ ಆಸುಪಾಸು. ಅಂದ್ರೆ ಮೋಟಾರ್‌ಗೆ ನಿಮ್ಮ ಗ್ಯಾಂಟ್ರಿ ಭಾರವೇ ಅಲ್ಲ, ಅದು ಕಷ್ಟಪಡೋದು ಸ್ಕ್ರೂನ ಮತ್ತೆ ತನ್ನನ್ನೇ ತಾನು ತಿರುಗಿಸೋಕೆ. ನಾನು ಈ ಲೆಕ್ಕ ಮೊದಲನೇ ಸಲ ಹಾಕಿದಾಗ ಎಲ್ಲೋ ಸೊನ್ನೆ ತಪ್ಪಿದೆ ಅಂತ ಮೂರು ಸಲ ನೋಡಿದೆ. ಇನ್ನೊಂದು ವಿಷಯ, 112 ಎಂಎಂ ಮೋಟಾರಿನ ರೋಟರ್ ಜಡತ್ವ 800ರ ಹತ್ರ ಇರುತ್ತೆ, ಅದರ ಜಾಸ್ತಿ ಟಾರ್ಕಲ್ಲಿ ಒಂದು ಪಾಲು ಅದರ ಹೊಟ್ಟೆಗೇ ಹೋಗುತ್ತೆ.

13 ಕೆಜಿ ಮೋಟಾರ್‌ಗೆ ಜಡತ್ವ ಎಲ್ಲ ಸೇರಿ 870 ಅಂದ್ಕೊಂಡು, ಪ್ರತಿ ಸೆಕೆಂಡಿಗೂ ಸ್ಪೀಡ್ ಸೆಕೆಂಡಿಗೆ 500 ಎಂಎಂ ಏರೋ ಹಾಗೆ ಆಕ್ಸಿಲರೇಶನ್ ಕೊಟ್ರೆ, ಬೇಕಾಗೋ ಟಾರ್ಕ್ 0.055 ನ್ಯೂಟನ್ ಮೀಟರ್, ಅರ್ಧ ಕೆಜಿ ಚಿಲ್ಲರೆ. ಕಟಿಂಗ್ ಬಲ, ಅಂದ್ರೆ ಬಿಟ್ ಮರವನ್ನ ಕಡಿಯುವಾಗ ವಾಪಸ್ ತಳ್ಳೋದು, 10 ಕೆಜಿ ಅಂತ ಇಟ್ಕೊಳ್ಳಿ, ನಮ್ಮಂಥ ಹವ್ಯಾಸದ ಮಷೀನ್‌ಗೆ ಅದು ಧಾರಾಳ ಆಯ್ತು. ಅದಕ್ಕೆ 5 ಎಂಎಂ ಬಾಲ್ ಸ್ಕ್ರೂನಲ್ಲಿ ಬೇಕಾಗೋದು ಇನ್ನೊಂದು 0.9 ಕೆಜಿ-ಸಿಎಂ. ಬೇರಿಂಗ್, ನಟ್ ಸೀಲ್, ನಮ್ಮ ಕೈಯ ಅಲೈನ್‌ಮೆಂಟ್ ಸೊಟ್ಟ ಇವಕ್ಕೆಲ್ಲ ಒಂದು ಕೆಜಿ ಹಾಕಿ. ಒಟ್ಟು ಎರಡೂವರೆ. ಅದರ ಡಬಲ್ ಇಟ್ಕೊಳ್ಳೋದು ರೂಢಿ, 5 ಕೆಜಿ. 36 ವೋಲ್ಟಲ್ಲಿ ನಿಮ್ಮ 13 ಕೆಜಿ ಮೋಟಾರ್ 600 ಆರ್‌ಪಿಎಂಗೆ ಕಾಗದದ ಲೆಕ್ಕದ ಅರ್ಧ ಮಾತ್ರ ಕೊಟ್ರೂ ಆರೂವರೆ ಇದೆ. ಸಾಲುತ್ತೆ. ನಿಮ್ಮ ಕೆಲಸದಲ್ಲಿ ಬಳ್ಳಿ, ಹೂವು, ಕೆತ್ತನೆ ಜಾಸ್ತಿ ಇರುತ್ತಲ್ಲ, ಅಂಥ ಕೆಲಸದಲ್ಲಿ ಮಷೀನ್ 3000ಕ್ಕೆ ಹೋಗೋ ಮೊದಲೇ ತಿರುವು ಬಂದ್ಬಿಡುತ್ತೆ, ಅಲ್ಲಿ ಟಾಪ್ ಸ್ಪೀಡಿಗಿಂತ ಆಕ್ಸಿಲರೇಶನ್ ಮುಖ್ಯ, ಅದಕ್ಕೂ ಹಗುರ ರೋಟರಿನ ಮೋಟಾರೇ ವಾಸಿ.

ಇನ್ನೂ ಒಂದು ಮಾತು ದೊಡ್ಡ ಮೋಟಾರ್ ಬಗ್ಗೆ, ಇದು ಸೇಫ್ಟಿ. 30 ಕೆಜಿ ಮೋಟಾರ್ 5 ಎಂಎಂ ಸ್ಕ್ರೂ ತಿರುಗಿಸಿದ್ರೆ ನಿಧಾನ ಸ್ಪೀಡಲ್ಲಿ ಸುಮಾರು 340 ಕೆಜಿ ಬಲದಲ್ಲಿ ತಳ್ಳುತ್ತೆ. ವೈನಲ್ಲಿ ಎರಡಿದೆ. ಲಿಮಿಟ್ ಸ್ವಿಚ್ (ಕೊನೆ ಮುಟ್ಟಿದಾಗ ನಿಲ್ಲಿಸೋ ಸ್ವಿಚ್) ಕೆಲಸ ಮಾಡದೆ ಗ್ಯಾಂಟ್ರಿ ಕೊನೆಗೆ ಹೋಗಿ ಗುದ್ದಿದ್ರೆ ಅಲ್ಯೂಮಿನಿಯಂ ಪ್ಲೇಟ್ ಬಾಗುತ್ತೆ, ನಟ್ ಕಿತ್ಕೊಳ್ಳುತ್ತೆ. ಮಧ್ಯೆ ಕೈ ಇದ್ರೆ ಹೇಳೋದೇ ಬೇಡ. ಚಿಕ್ಕ ಮೋಟಾರ್ ಸ್ಟೆಪ್ ಕಳ್ಕೊಂಡು ಗೊರ್ ಅಂತ ಅಲ್ಲೇ ನಿಲ್ಲೋ ಸಾಧ್ಯತೆ ಜಾಸ್ತಿ. 13 ಕೆಜಿದೂ 140 ಕೆಜಿ ಬಲಕ್ಕೆ ತಳ್ಳುತ್ತೆ, ಅದನ್ನೂ ಹಗುರವಾಗಿ ತಗೊಳ್ಬೇಡಿ.

ನಿಮ್ಮ ಫ್ರೆಂಡ್ ಹೇಳಿದ ನೆಮಾ 17 ಕೆಟ್ಟದ್ದಲ್ಲ. ತ್ರೀಡಿ ಪ್ರಿಂಟರ್, ಲೇಸರ್, ಆ 3018 ಚಿಕ್ಕ ಮಷೀನ್ ಬರುತ್ತಲ್ಲ, ಅದಕ್ಕೆಲ್ಲ ಅದೇ ಸರಿ. 4-5 ಕೆಜಿ ಕೊಡುತ್ತೆ. ಆದ್ರೆ ನಿಮ್ಮ ಒಂದು ಮೀಟರ್ ಸ್ಕ್ರೂನ ಜಡತ್ವ ಅದರ ರೋಟರ್‌ಗಿಂತ ಆರೇಳು ಪಟ್ಟು ಜಾಸ್ತಿ ಆಗುತ್ತೆ, ಶಾಫ್ಟೂ 5 ಎಂಎಂ ಮಾತ್ರ, ಬೇಡ. ನೆಮಾ 34 ಅಂದ್ರೆ 60-80 ವೋಲ್ಟ್ ಸಪ್ಲೈ, ಅದಕ್ಕೆ ತಕ್ಕ ಡ್ರೈವರ್, ಅದು ಬೇರೆ ಊರಿನ ದಾರಿ.

ಕ್ಲೋಸ್ಡ್ ಲೂಪ್ ಅಂತ ಕೇಳ್ತೀರ ಅಂತ ಗೊತ್ತು, ಎಲ್ಲರೂ ಕೇಳ್ತಾರೆ. ಹಿಂದೆ ಎನ್‌ಕೋಡರ್ (ಎಷ್ಟು ತಿರುಗಿತು ಅಂತ ನೋಡೋ ಸೆನ್ಸರ್) ಇರೋ ಸ್ಟೆಪ್ಪರ್, ಸ್ಟೆಪ್ ತಪ್ಪಿದ್ರೆ ಸರಿ ಮಾಡ್ಕೊಳ್ಳುತ್ತೆ ಇಲ್ಲ ಅಲಾರ್ಮ್ ಕೊಡುತ್ತೆ. ಒಳ್ಳೇದೇ. ಆದ್ರೆ ಮೊದಲನೇ ಮಷೀನಲ್ಲಿ ಸ್ಟೆಪ್ ತಪ್ಪೋದು ಹೆಚ್ಚಾಗಿ ಮೋಟಾರಿಂದ ಅಲ್ಲ, ಮೋಟಾರ್ ಶಾಫ್ಟನ್ನ ಬಾಲ್ ಸ್ಕ್ರೂಗೆ ಜೋಡಿಸೋ ಕಪ್ಲರಿನ ಗ್ರಬ್ ಸ್ಕ್ರೂ ಸಡಿಲ ಆಗಿರುತ್ತೆ, ಇಲ್ಲ ರೂಟರಿನ ಕಾರ್ಬನ್ ಬ್ರಷ್ ಕಿಡಿಯ ನಾಯ್ಸ್ ಸಿಗ್ನಲ್ ವೈರಿಗೆ ಬಿದ್ದಿರುತ್ತೆ. ಶೀಲ್ಡ್ ಇರೋ ಕೇಬಲ್ ಹಾಕಿ, ಶೀಲ್ಡನ್ನ ಒಂದೇ ಕಡೆ ಅರ್ತ್ ಮಾಡಿ, ರೂಟರ್ ಕೇಬಲ್ ಜೊತೆ ಕಟ್ಟಬೇಡಿ.

ಕಪ್ಲರ್ ಅಂದ ಮೇಲೆ ನೆನಪಾಯ್ತು. 1605 ಸ್ಕ್ರೂಗೆ ಬಿಕೆ12 ಬೇರಿಂಗ್ ಹಾಕಿದ್ರೆ ಸ್ಕ್ರೂ ತುದಿ 10 ಎಂಎಂ ಇರುತ್ತೆ. ನೆಮಾ 23 ಶಾಫ್ಟ್ ಕೆಲವದು 6.35, ಕೆಲವದು 8 ಎಂಎಂ. ಮೋಟಾರ್ ಕೈಗೆ ಬಂದ ಮೇಲೆ ವರ್ನಿಯರ್ ಹಿಡಿದು ಅಳೆದು ಆಮೇಲೆ ಕಪ್ಲರ್ ತಗೊಳ್ಳಿ, ನಾಲ್ಕಕ್ಕೂ ಒಂದೇ ಶಾಫ್ಟ್ ಇರೋ ಹಾಗೆ ನೋಡ್ಕೊಳ್ಳಿ. ಲೇತ್ ಕೆಲಸ ಏನಾದ್ರೂ ಬೇಕಿದ್ರೆ ತುಮಕೂರಲ್ಲೇ ಅಂತರಸನಹಳ್ಳಿ, ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಿ, ಅದಕ್ಕೂ ಬೆಂಗಳೂರಿಗೆ ಓಡ್ಬೇಡಿ. ಹೆಚ್‌ಎಂಟಿ ವಾಚ್ ಕಟ್ಟಿದ ಊರು ಇದು, ಮೈಕ್ರಾನ್ ಅಂದ್ರೆ ಏನು ಅಂತ ಗೊತ್ತಿರೋ ಹಿರಿಯರು ಇಲ್ಲಿದ್ದಾರೆ. ಮೋಟಾರ್, ಡ್ರೈವರ್‌ಗೆ ಮಾತ್ರ ಬೆಂಗಳೂರಿನ ಎಸ್‌ಪಿ ರೋಡೇ ಗತಿ, ಇಲ್ಲ ಆನ್‌ಲೈನ್.

ಅಂಗಡಿಯಲ್ಲಿ ಏನು ಕೇಳ್ಬೇಕು ಅಂದ್ರೆ: ನೆಮಾ 23, ಬೈಪೋಲಾರ್, ನಾಲ್ಕು ವೈರ್, ಉದ್ದ 56 ಎಂಎಂ, ಕರೆಂಟ್ 2.8ರಿಂದ 3 ಆಂಪ್, ಇಂಡಕ್ಟೆನ್ಸ್ 3 ಮಿಲಿಹೆನ್ರಿ ಒಳಗೆ. ಕೊನೇದನ್ನ ಕೇಳಿದ ತಕ್ಷಣ ಅವರು ನಿಮ್ಮ ಮುಖ ನೋಡ್ತಾರೆ, ನೋಡಲಿ, ಮಾಡೆಲ್ ನಂಬರ್ ಕೇಳಿ ಮೊಬೈಲಲ್ಲಿ ಡೇಟಾಶೀಟ್ ತೆಗೆದು ನೋಡಿ. 76 ಎಂಎಂದು, 18-19 ಕೆಜಿದು ಮಾತ್ರ ಇದೆ ಅಂದ್ರೆ, ಇಂಡಕ್ಟೆನ್ಸ್ ಕಮ್ಮಿ ಇದ್ದು ಕರೆಂಟ್ 3 ಆಂಪ್ ಒಳಗಿದ್ರೆ ತಗೊಳ್ಳಿ, ತಪ್ಪಿಲ್ಲ. ಆದ್ರೆ 1 ಆಂಪ್, 12 ವೋಲ್ಟ್ ಅಂತ ಬರೆದಿರೋ ಹಳೇ ಮೋಟಾರ್ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತೆ ನೋಡಿ, ಪ್ರಿಂಟರ್, ಜೆರಾಕ್ಸ್ ಮಷೀನಿಂದ ಕಿತ್ತಿದ್ದು, ಮುಟ್ಟಬೇಡಿ, ಇಂಡಕ್ಟೆನ್ಸ್ ಬಹಳ ಜಾಸ್ತಿ ಇರುತ್ತೆ, ಸ್ಪೀಡೇ ಬರಲ್ಲ. ಎಂಟು ವೈರಿನ ಮೋಟಾರ್ ಸಿಕ್ರೆ ಪ್ಯಾರಲಲ್ ಆಗಿ ಕನೆಕ್ಟ್ ಮಾಡಿ, ಸೀರೀಸಲ್ಲಿ ಮಾಡಿದ್ರೆ ಇಂಡಕ್ಟೆನ್ಸ್ ನಾಲ್ಕು ಪಟ್ಟಾಗುತ್ತೆ. ಯಾವ ವೈರ್ ಯಾವ ಜೋಡಿ ಅಂತ ಗೊತ್ತಾಗದಿದ್ರೆ ಎರಡು ವೈರ್ ತುದಿ ಸೇರಿಸಿ ಹಿಡಿದು ಕೈಯಲ್ಲಿ ಶಾಫ್ಟ್ ತಿರುಗಿಸಿ, ಬಿಗಿ ಆದ್ರೆ ಅದೇ ಜೋಡಿ.

ಎಸ್‌ಎಂಪಿಎಸ್ ಎಷ್ಟು ಆಂಪಿಂದು? ನಾಲ್ಕು ಮೋಟಾರ್ ಇಂಟು 2.8 ಅಂದ್ರೆ 11 ಚಿಲ್ಲರೆ, ಆದ್ರೆ ಅಷ್ಟೂ ಬೇಡ, ಚಾಪರ್ ಡ್ರೈವರ್ ಇರೋದ್ರಿಂದ ಅದರ ಮೂರನೇ ಎರಡು ಭಾಗ ಸಾಕು. 36 ವೋಲ್ಟ್ 350 ವಾಟ್‌ದು ಸಿಗುತ್ತೆ, ಅದು 9.7 ಆಂಪ್, ಸರಿಯಾಗಿ ಕೂರುತ್ತೆ.

ಮೈಕ್ರೋಸ್ಟೆಪ್ (ಒಂದು ಹೆಜ್ಜೆಯನ್ನ ಚಿಕ್ಕ ಚಿಕ್ಕ ಭಾಗ ಮಾಡೋದು) ಬಗ್ಗೆ ಒಂದೇ ಮಾತು, 1/8ಕ್ಕೆ ಇಡಿ. ಅಂದ್ರೆ ಸುತ್ತಿಗೆ 1600, ಎಂಎಂಗೆ 320 ಸ್ಟೆಪ್. 1/32 ಇಟ್ರೆ ಇನ್ನೂ ಪಕ್ಕಾ ಬರುತ್ತೆ ಅನ್ನೋದು ಭ್ರಮೆ, 1/16ರಲ್ಲೇ ಒಂದು ಮೈಕ್ರೋಸ್ಟೆಪ್ ಕೊಡೋ ಟಾರ್ಕ್ ಹೋಲ್ಡಿಂಗ್ ಟಾರ್ಕಿನ 10 ಪರ್ಸೆಂಟ್ ಕೂಡ ಇರಲ್ಲ, ಘರ್ಷಣೆ ಅದನ್ನ ನುಂಗ್ಬಿಡುತ್ತೆ. ಮೇಲಾಗಿ ನೀವು ಆರ್ಡುಯಿನೋ ಊನೋ ಬೋರ್ಡ್ ಮೇಲೆ ಜಿಆರ್‌ಬಿಎಲ್ ಅನ್ನೋ ಸಿಎನ್‌ಸಿ ಸಾಫ್ಟ್‌ವೇರ್ ಓಡಿಸಿದ್ರೆ ಅದು ಸೆಕೆಂಡಿಗೆ 30 ಸಾವಿರ ಪಲ್ಸ್ ಮಾತ್ರ ಕೊಡೋದು. 1/8ರಲ್ಲಿ 3000 ಎಂಎಂ ಸ್ಪೀಡಿಗೆ 16 ಸಾವಿರ ಬೇಕು, 1/32ರಲ್ಲಿ 64 ಸಾವಿರ. ಆಗಲ್ಲ.

ಝಡ್‌ಗೂ ಅದೇ ಮೋಟಾರ್ ಹಾಕಿ. ಅಲ್ಲಿ ಒಂದೇ ಎಚ್ಚರಿಕೆ, ಬಾಲ್ ಸ್ಕ್ರೂ ತಾನಾಗಿ ಬಿಗಿ ಹಿಡಿಯಲ್ಲ, ಕೆಲಸದ ಮಧ್ಯೆ ಕರೆಂಟ್ ಹೋದ್ರೆ ರೂಟರ್ ಭಾರಕ್ಕೆ ಸ್ಕ್ರೂ ತಿರುಗಿ ಬಿಟ್ ಕೆಳಗಿಳೀಬಹುದು. ಒಂದು ಗ್ಯಾಸ್ ಸ್ಟ್ರಟ್ ಅಥವಾ ಸ್ಪ್ರಿಂಗ್ ಕೊಟ್ರೆ ನಿಶ್ಚಿಂತೆ. ಜಿಆರ್‌ಬಿಎಲ್‌ನಲ್ಲಿ ಡಾಲರ್ 1 ಅನ್ನೋ ಸೆಟ್ಟಿಂಗನ್ನ 255 ಮಾಡಿ, ಇಲ್ಲ ಅಂದ್ರೆ ಮಷೀನ್ ಸುಮ್ನೆ ನಿಂತಾಗ ಮೋಟಾರ್ ಹಿಡಿತ ಬಿಟ್ಬಿಡುತ್ತೆ. ವೈನ ಎರಡು ಮೋಟಾರ್ ಎದುರುಬದುರು ತಿರುಗಿದ್ರೆ ಗಾಬರಿ ಬೇಡ, ಒಂದರಲ್ಲಿ ಒಂದು ಕಾಯಿಲಿನ ಎರಡು ವೈರ್ ಅದಲುಬದಲು ಮಾಡಿ. ಆದ್ರೆ ಪವರ್ ಆಫ್ ಮಾಡಿ, ಲೈಟ್ ಪೂರ್ತಿ ಆರಿದ ಮೇಲೆ. ಡ್ರೈವರ್ ಆನ್ ಇದ್ದಾಗ ಮೋಟಾರ್ ವೈರ್ ಕಿತ್ರೆ ಡ್ರೈವರ್ ಸತ್ತಂಗೆ, ನಾನು ಈ ಥರ ಎರಡು ಕಳ್ಕೊಂಡಿದೀನಿ, ಒಂದು ಸಲ ಬುದ್ಧಿ ಬರಲಿಲ್ಲ ಅನ್ನೋದೇ ಬೇಜಾರು.

ಮೋಟಾರ್ ಮುಟ್ಟೋಕಾಗದಷ್ಟು ಬಿಸಿ ಆಯ್ತು ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡೋರಿದ್ದಾರೆ. 60-70 ಡಿಗ್ರಿ ಸ್ಟೆಪ್ಪರ್‌ಗೆ ಮಾಮೂಲು. ಆದ್ರೆ ಮೋಟಾರ್ ಬ್ರಾಕೆಟ್ಟನ್ನ ಪಿಎಲ್‌ಎ ಪ್ಲಾಸ್ಟಿಕ್ಕಲ್ಲಿ ಪ್ರಿಂಟ್ ಮಾಡಿದ್ರೆ ಅದು ಅಷ್ಟರಲ್ಲೇ ಮೆತ್ತಗಾಗುತ್ತೆ, ಅಲ್ಯೂಮಿನಿಯಂ ಪ್ಲೇಟೇ ಹಾಕಿ.

ಎಲ್ಲ ಕೂರಿಸಿದ ಮೇಲೆ ಮರ ಇಡದೆ ಖಾಲಿ ಓಡಿಸಿ. ಮೊದಲು ಆಕ್ಸಿಲರೇಶನ್ 100ಕ್ಕೆ ಇಟ್ಟು ಸ್ಪೀಡನ್ನ 1000ದಿಂದ ಐನೂರೈನೂರು ಏರಿಸ್ತಾ ಹೋಗಿ, ಎಲ್ಲಿ ಗೊರ್ ಅಂತ ನಿಲ್ಲುತ್ತೋ ಅಲ್ಲಿ ಬರೆದಿಟ್ಕೊಳ್ಳಿ, ಅದರ 70 ಪರ್ಸೆಂಟ್ ನಿಮ್ಮ ಮಷೀನಿನ ಸ್ಪೀಡು. ಆಮೇಲೆ ಆ ಸ್ಪೀಡಲ್ಲಿ ಆಕ್ಸಿಲರೇಶನ್ನೂ ಹಂಗೇ ಏರಿಸಿ. ಪ್ರತಿ ಸಲ ಒಂದು ಡಯಲ್ ಗೇಜ್ ಇಟ್ಟು, ಇಪ್ಪತ್ತು ಸಲ ಹೋಗಿ ಬಂದ ಮೇಲೆ ಮುಳ್ಳು ಅದೇ ಜಾಗಕ್ಕೆ ಬರುತ್ತಾ ನೋಡಿ. ಗೇಜ್ ಇಲ್ಲ ಅಂದ್ರೆ ಪೆನ್ಸಿಲ್ ಕಟ್ಟಿ ಕಾಗದದ ಮೇಲೆ ಚುಕ್ಕಿ ಇಡಿಸಿ, ಇಪ್ಪತ್ತು ಚುಕ್ಕಿ ಒಂದರ ಮೇಲೊಂದು ಬಿದ್ರೆ ಅಪ್ಪನ್ನ ಕರೆದು ಮೊದಲನೇ ತೇಗದ ಹಲಗೆ ಇಡಿ.